ಕೈಯಲ್ಲಿದ್ದದ್ದು ಹೋದೀತೆಂಬ ಭಯ: ಅಮೆರಿಕದ ಆರೋಗ್ಯ ವಿಮೆಯ ಜಗಳ

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

2009ರ ಆಗಸ್ಟ್ ತಿಂಗಳ ಒಂದು ಸಂಜೆ, ಓಹಾಯೊ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿದ್ದ ಶಾಲೆಯೊಂದರ ಆಟದ ಹಾಲಿನಲ್ಲಿ ನಾನು ಗೋಡೆಗೆ ಒರಗಿ ನಿಂತಿದ್ದೆ. ಕುರ್ಚಿಗಳೆಲ್ಲ ತುಂಬಿ, ಬಾಗಿಲ ಹೊರಗೂ ಜನ ಸಾಲುಗಟ್ಟಿದ್ದರು. ಆ ತಿಂಗಳು ಅಮೆರಿಕದ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, ಬಿಡುವು. ಪ್ರತಿನಿಧಿಗಳು ತಮ್ಮ ತಮ್ಮ ಕ್ಷೇತ್ರಗಳಿಗೆ ಹಿಂದಿರುಗಿ, ಒಬಾಮಾ ಸರ್ಕಾರ ತರಲು ಹೊರಟಿದ್ದ ಆರೋಗ್ಯ ವಿಮಾ ಮಸೂದೆಯ ಬಗ್ಗೆ ಜನರೊಡನೆ ಮುಖಾಮುಖಿ ಮಾತನಾಡುತ್ತಿದ್ದರು. ಬಹಳ ಕಡೆ ಆ ಮಾತು ಕೂಗಾಟದಲ್ಲಿ ಮುಗಿಯುತ್ತಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕುಳಿತಿದ್ದರು. ಅವರು ಕೈಚೀಲದಿಂದ ತಮ್ಮ ಮೆಡಿಕೇರ್ ಕಾರ್ಡನ್ನು ತೆಗೆದು ನನಗೆ ತೋರಿಸಿದರು. ಕೆಂಪು, ಬಿಳಿ, ನೀಲಿ ಬಣ್ಣದ ಕಾಗದದ ಕಾರ್ಡು. ಅಂಚು ಸವೆದು, ಮಡಿಸಿದ ಕಡೆ ಬಿಳಿ ಗೆರೆ ಬಿದ್ದಿತ್ತು. “ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು ಪಡೆದದ್ದು ಇದು. ಇದರ ತಂಟೆಗೆ ಯಾರೂ ಬರಕೂಡದು” ಎಂದರು. ಆಮೇಲೆ ಆ ಕಾರ್ಡನ್ನು ಮತ್ತೆ ಚೀಲದೊಳಗೆ ಇಟ್ಟು, ಜಿಪ್ ಎಳೆದು, ಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತರು.

ಮೆಡಿಕೇರ್ ಎಂದರೆ 65 ವರ್ಷ ತುಂಬಿದವರಿಗೆ ಸರ್ಕಾರವೇ ನಡೆಸುವ ಆರೋಗ್ಯ ವಿಮೆ. ಸರ್ಕಾರಿ ವಿಮೆಯನ್ನು ಇಷ್ಟು ಜೋಪಾನವಾಗಿ ಹಿಡಿದುಕೊಂಡವರು ಸರ್ಕಾರದ ವಿಮಾ ಸುಧಾರಣೆಯನ್ನು ವಿರೋಧಿಸಲು ಬಂದಿದ್ದರು. ಅದೇ ಬೇಸಿಗೆಯಲ್ಲಿ ದಕ್ಷಿಣ ಕೆರೊಲಿನಾದ ಸಭೆಯೊಂದರಲ್ಲಿ ಒಬ್ಬ ವ್ಯಕ್ತಿ ಎದ್ದು ನಿಂತು, ನನ್ನ ಮೆಡಿಕೇರ್ ಮೇಲಿಂದ ನಿಮ್ಮ ಸರ್ಕಾರದ ಕೈ ತೆಗೆಯಿರಿ ಎಂದು ಬಾಬ್ ಇಂಗ್ಲಿಸ್ ಎಂಬ ಪ್ರತಿನಿಧಿಗೆ ಹೇಳಿದ್ದು ದೇಶಕ್ಕೆಲ್ಲ ಗೊತ್ತಾಗಿ, ಓದಿಕೊಂಡವರು ತಿಂಗಳುಗಟ್ಟಲೆ ಅದನ್ನು ಹೇಳಿಕೊಂಡು ನಕ್ಕರು. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಆ ಮಸೂದೆ ಕಾಯ್ದೆಯಾದಾಗ ಅದರ ಖರ್ಚಿನ ಒಂದು ದೊಡ್ಡ ಪಾಲು ಬಂದದ್ದು ಎಲ್ಲಿಂದ? ಮೆಡಿಕೇರ್ ಮುಂದಿನ ಹತ್ತು ವರ್ಷಗಳಲ್ಲಿ ಆಸ್ಪತ್ರೆಗಳಿಗೂ ಖಾಸಗಿ ವಿಮಾ ಕಂಪನಿಗಳಿಗೂ ಕೊಡಬೇಕಾಗಿದ್ದ ಹಣದಲ್ಲಿ ಸುಮಾರು 50,000 ಕೋಟಿ ಡಾಲರ್ ಉಳಿತಾಯ ಮಾಡಿ. ವೃದ್ಧರಿಗೆ ಸಿಗಬೇಕಾದ ಮೂಲ ಸೌಲಭ್ಯಗಳನ್ನು ಮುಟ್ಟಿರಲಿಲ್ಲ, ಅದು ನಿಜ. ಆದರೆ ಆ ಅಜ್ಜಿಗೆ ವಿಷಯದ ವಿವರ ಗೊತ್ತಿಲ್ಲದಿದ್ದರೂ, ಲೆಕ್ಕ ತನ್ನ ಕಡೆಗೇ ಬರುತ್ತದೆ ಎಂಬ ವಾಸನೆ ಸರಿಯಾಗಿಯೇ ಸಿಕ್ಕಿತ್ತು.

ಇಂದು ನಾನು ಹೇಳಬೇಕೆಂದಿರುವುದು ಇದನ್ನೇ. ಅಮೆರಿಕದ ಆರೋಗ್ಯ ವಿಮೆಯ ಜಗಳವನ್ನು ನಾವು ದೂರದಿಂದ ನೋಡುವಾಗ ಸಮಾಜವಾದಕ್ಕೂ ಬಂಡವಾಳವಾದಕ್ಕೂ ನಡುವಿನ ಜಗಳವೆಂದೋ, ಡೆಮಾಕ್ರಟರಿಗೂ ರಿಪಬ್ಲಿಕನ್ನರಿಗೂ ನಡುವಿನ ಹಟವೆಂದೋ ತಿಳಿಯುತ್ತೇವೆ. ಅವೆರಡೂ ಇವೆ. ಆದರೆ ಅವುಗಳ ಕೆಳಗೆ ಇನ್ನೊಂದಿದೆ: ಕಷ್ಟಪಟ್ಟು ಸಿಕ್ಕಿದ್ದು ಕೈಬಿಟ್ಟು ಹೋದೀತು ಎಂಬ ಭಯ. ಎಪ್ಪತ್ತೈದು ವರ್ಷಗಳ ಉದ್ದಕ್ಕೂ ಸುಧಾರಣೆಗಳನ್ನು ಸೋಲಿಸಿದ್ದು ಈ ಭಯವೇ. ಒಮ್ಮೆ ಬಂದ ಸುಧಾರಣೆಯನ್ನು ಕಿತ್ತುಹಾಕಲು ಬಂದವರನ್ನು ಸೋಲಿಸಿದ್ದೂ ಈ ಭಯವೇ.

ಅಲ್ಲಿ ವಿಮೆ ಹೇಗೆ ಬೆಳೆಯಿತು ಎಂಬುದನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬೆಲೆಯೇರಿಕೆ ತಡೆಯಲು ಸರ್ಕಾರ ಸಂಬಳಕ್ಕೆ ಮಿತಿ ಹಾಕಿತು. ಕೆಲಸಗಾರರು ಸಿಗದೆ ಪರದಾಡುತ್ತಿದ್ದ ಕಾರ್ಖಾನೆಗಳು ಸಂಬಳದ ಬದಲು ಆರೋಗ್ಯ ವಿಮೆಯ ಆಸೆ ತೋರಿಸಿದವು. ವಿಮೆಗೆ ಆ ಮಿತಿ ಅನ್ವಯಿಸುತ್ತಿರಲಿಲ್ಲ. 1954ರ ತೆರಿಗೆ ಸಂಹಿತೆ ಇಂಥ ವಿಮೆಗೆ ತೆರಿಗೆ ಇಲ್ಲವೆಂದು ಖಚಿತಪಡಿಸಿತು. ಯುದ್ಧಕಾಲದ ಒಂದು ತಾತ್ಕಾಲಿಕ ಏರ್ಪಾಡು ಹೀಗೆ ದೇಶದ ಕಾಯಂ ಪದ್ಧತಿಯಾಗಿ, ಇವತ್ತಿಗೂ ಸುಮಾರು ಅರ್ಧದಷ್ಟು ಅಮೆರಿಕನ್ನರ ವಿಮೆ ಅವರ ನೌಕರಿಗೆ ಕಟ್ಟಿಕೊಂಡಿದೆ. ನೌಕರಿ ಹೋದರೆ ವಿಮೆಯೂ ಹೋಗುತ್ತದೆ. ಕೋಬ್ರಾ ಎಂಬ ನಿಯಮದಡಿ ಸಾಮಾನ್ಯವಾಗಿ 18 ತಿಂಗಳವರೆಗೆ ಹಳೆಯ ವಿಮೆಯನ್ನು ಉಳಿಸಿಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಪ್ರೀಮಿಯಂ ನಾವೇ ಕಟ್ಟಬೇಕು, ಅದೂ ಸಂಬಳ ನಿಂತಿರುವ ಹೊತ್ತಿನಲ್ಲಿ. ನನ್ನ ಮಗಳಿಗೆ ಅಸ್ತಮಾ ಇತ್ತು. 2010ಕ್ಕೆ ಮೊದಲು, ಸ್ವಂತವಾಗಿ ವಿಮೆ ಕೊಳ್ಳಲು ಹೋದರೆ ಅಂಥ ಕಾಯಿಲೆಯ ಹೆಸರು ಅರ್ಜಿಯಲ್ಲಿ ಕಂಡ ಕೂಡಲೇ ಇಲ್ಲವೆನ್ನುವ ಹಕ್ಕು ಹೆಚ್ಚಿನ ರಾಜ್ಯಗಳಲ್ಲಿ ಕಂಪನಿಗಳಿಗಿತ್ತು. ಬೇರೆ ಕೆಲಸ ಹುಡುಕುವ ಆಸೆ ಇದ್ದರೂ ನಾನು ನಾಲ್ಕು ವರ್ಷ ಅದೇ ಕುರ್ಚಿಗೆ ಅಂಟಿಕೊಂಡು ಕುಳಿತೆ. ಎಚ್-1ಬಿ ವೀಸಾದ ಮೇಲೆ ಅಲ್ಲಿಗೆ ಹೋದ ನಮ್ಮ ಹುಡುಗರು ವೀಸಾದ ಭಯದ ಜೊತೆಗೆ ಈ ಭಯವನ್ನೂ ಹೊತ್ತು ತಿರುಗುತ್ತಾರೆ.

ಎಲ್ಲರಿಗೂ ಒಂದೇ ವಿಮೆ ಬೇಕೆಂದು ಅಧ್ಯಕ್ಷ ಹ್ಯಾರಿ ಟ್ರೂಮನ್ 1945ರ ನವೆಂಬರಿನಲ್ಲೇ ಕಾಂಗ್ರೆಸ್ಸಿಗೆ ಹೇಳಿದ್ದರು. ವೈದ್ಯರ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪ್ರತಿ ಸದಸ್ಯರಿಂದ 25 ಡಾಲರ್ ಎತ್ತಿ, ಪ್ರಚಾರದ ಕಂಪನಿಯೊಂದನ್ನು ಗೊತ್ತುಮಾಡಿಕೊಂಡು, ಇದು ‘ಸಮಾಜವಾದಿ ವೈದ್ಯಕೀಯ’ ಎಂಬ ಮಾತನ್ನು ಮನೆಮನೆಗೂ ಮುಟ್ಟಿಸಿತು. ಶೀತಲ ಸಮರದ ದಿನಗಳಲ್ಲಿ ಆ ಒಂದು ಮಾತೇ ಸಾಕಾಯಿತು. ನೌಕರಿಯಲ್ಲಿದ್ದವರಿಗೆ ಕಂಪನಿಯ ವಿಮೆ ಆಗಲೇ ಸಿಗತೊಡಗಿದ್ದರಿಂದ ಟ್ರೂಮನ್ನರ ಬೆನ್ನಿಗೆ ನಿಲ್ಲಬೇಕಾದ ಮಧ್ಯಮ ವರ್ಗಕ್ಕೂ ಅದರ ಜರೂರು ಕಾಣಲಿಲ್ಲ. ಕೊನೆಗೆ 1965ರ ಜುಲೈ 30ರಂದು, ಮಿಸೌರಿಯ ಇಂಡಿಪೆಂಡೆನ್ಸ್ ಊರಿನಲ್ಲಿ, ಮುದುಕರಾಗಿದ್ದ ಟ್ರೂಮನ್ನರ ಪಕ್ಕದಲ್ಲೇ ಕುಳಿತು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಮತ್ತು ಮೆಡಿಕೇಡ್ ಕಾಯ್ದೆಗೆ ಅಂಕಿತ ಹಾಕಿದರು. ಎಲ್ಲರಿಗೂ ಎಂದು ಹೊರಟದ್ದು ವೃದ್ಧರಿಗೆ ಒಂದು, ಬಡವರಿಗೆ ಇನ್ನೊಂದು ಎಂದಾಯಿತು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹೊಲಿಯುವ ಕೌದಿಯನ್ನು ನೆನಪಿಸಿಕೊಳ್ಳಿ. ಸಿಕ್ಕಿದ ತುಂಡುಗಳನ್ನೆಲ್ಲ ಸೇರಿಸಿ ಹೊಲಿದದ್ದು. ಆದರೆ ಈ ಕೌದಿಯಲ್ಲಿ ಒಂದೊಂದು ತುಂಡೂ ಒಬ್ಬೊಬ್ಬರ ಪಾಲು, ಯಾವ ತುಂಡನ್ನು ಎಳೆದರೂ ಅದರಡಿ ಮಲಗಿದವರು ಎದ್ದು ಕೂರುತ್ತಾರೆ.

ಇದಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ 1989ರ ಶಿಕಾಗೋ. ಅದರ ಹಿಂದಿನ ವರ್ಷ ಅಧ್ಯಕ್ಷ ರೇಗನ್ ಅವರ ಅಂಕಿತದೊಂದಿಗೆ ಒಂದು ಕಾಯ್ದೆ ಬಂದಿತ್ತು. ಮೆಡಿಕೇರ್‌ನಲ್ಲಿ ದೀರ್ಘ ಕಾಯಿಲೆಯ ಆಸ್ಪತ್ರೆ ಖರ್ಚಿಗೆ ಮಿತಿ, ಮಾತ್ರೆ ಔಷಧಿಗೆ ನೆರವು: ವೃದ್ಧರಿಗೆ ಒಳ್ಳೆಯದೇ. ಅದಕ್ಕೆ ಬೇಕಾದ ಹಣವನ್ನೂ ವೃದ್ಧರೇ ಕೊಡಬೇಕು, ಅವರಲ್ಲಿ ಅನುಕೂಲಸ್ಥರು ವರ್ಷಕ್ಕೆ ಗರಿಷ್ಠ 800 ಡಾಲರ್‌ವರೆಗೆ ಹೆಚ್ಚುವರಿ ತೆರಿಗೆ ಕಟ್ಟಬೇಕು ಎಂದಿತ್ತು. ಆ ಗರಿಷ್ಠ ಮೊತ್ತ ಕೆಲವೇ ಜನರಿಗೆ ಬೀಳುತ್ತಿತ್ತು; ಎಲ್ಲರಿಗೂ ಬೀಳುತ್ತದೆ ಎಂಬ ಸುದ್ದಿ ಹರಡಿತು. ಜೊತೆಗೆ, ಹಳೆಯ ಕಂಪನಿಗಳಿಂದ ನಿವೃತ್ತಿ ವಿಮೆ ಪಡೆದಿದ್ದವರಿಗೆ, ತಮ್ಮಲ್ಲಿ ಆಗಲೇ ಇದ್ದದ್ದಕ್ಕೆ ಇನ್ನೊಮ್ಮೆ ದುಡ್ಡು ಕೊಡಬೇಕಾಗಿ ಬಂತು. ಆಗಸ್ಟ್ 17ರಂದು ಹಣಕಾಸು ಸಮಿತಿಯ ಅಧ್ಯಕ್ಷ ಡ್ಯಾನ್ ರೋಸ್ಟೆನ್‌ಕೋವ್ಸ್ಕಿ ತಮ್ಮ ಕ್ಷೇತ್ರದ ಸಭೆ ಮುಗಿಸಿ ಹೊರಬಂದಾಗ ವೃದ್ಧರ ಗುಂಪೊಂದು ಅವರ ಕಾರನ್ನು ಸುತ್ತುವರಿಯಿತು. ಹಿಡಿದಿದ್ದ ಫಲಕಗಳಿಂದ ಕಾರಿಗೆ ಬಡಿದರು, ಒಬ್ಬ ಅಜ್ಜಿ ಕಾರಿನ ಮುಂಭಾಗದ ಮೇಲೇರಿ ಗಾಜಿನಾಚೆಯಿಂದ ಅವರನ್ನೇ ನೋಡುತ್ತಾ ಕೂತರು. ದೇಶದ ತೆರಿಗೆ ಕಾನೂನುಗಳನ್ನು ಬರೆಯುತ್ತಿದ್ದ ಆ ಮನುಷ್ಯ ಕಾರಿನಿಂದಿಳಿದು ಓಡಿ ತಪ್ಪಿಸಿಕೊಳ್ಳಬೇಕಾಯಿತು. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ತಾನೇ ಮಾಡಿದ್ದ ಕಾಯ್ದೆಯನ್ನು ತಾನೇ ರದ್ದುಮಾಡಿತು.

ಆ ದೃಶ್ಯ ವಾಷಿಂಗ್ಟನ್ನಿನವರ ಮನಸ್ಸಿನಿಂದ ಅಳಿಯಲೇ ಇಲ್ಲ. 1993ರ ಸೆಪ್ಟೆಂಬರಿನಲ್ಲಿ ಬಿಲ್ ಕ್ಲಿಂಟನ್ ಎಲ್ಲರಿಗೂ ವಿಮೆ ಎಂಬ ಯೋಜನೆ ತಂದಾಗ ಜನರ ಒಲವಿತ್ತು. ಹಿಲರಿ ಕ್ಲಿಂಟನ್ನರ ನೇತೃತ್ವದಲ್ಲಿ ಸಿದ್ಧವಾದ ಮಸೂದೆ 1,300 ಪುಟ ದಾಟಿತ್ತು. ಅದನ್ನು ಓದಿ ತನಗೇನಾಗುತ್ತದೆ ಎಂದು ತಿಳಿಯುವುದು ಸಾಮಾನ್ಯನ ಕೈಲಾಗದ ಮಾತು. ಆ ಜಾಗವನ್ನು ವಿಮಾ ಕಂಪನಿಗಳ ಸಂಘ ತುಂಬಿತು. ಹ್ಯಾರಿ, ಲೂಯೀಸ್ ಎಂಬ ನಡುವಯಸ್ಸಿನ ದಂಪತಿ ಅಡುಗೆಮನೆಯ ಮೇಜಿನ ಮುಂದೆ ಬಿಲ್ಲುಗಳನ್ನು ಹರಡಿಕೊಂಡು, ನಮ್ಮ ಹಳೆಯ ವಿಮೆಯೇ ಚೆನ್ನಾಗಿತ್ತಲ್ಲ ಎಂದು ಚಿಂತಿಸುವ ಟಿವಿ ಜಾಹೀರಾತು ಅದು. ಅವರು ಬಡವರೂ ಅಲ್ಲ, ಸಿರಿವಂತರೂ ಅಲ್ಲ, ವಿಮೆ ಇರುವವರು. ಮುಂದಿನ ಸೆಪ್ಟೆಂಬರಿಗೆ ಮಸೂದೆ ಸತ್ತಿತು. ಇದರಿಂದ ಕಲಿತ ಒಬಾಮಾ, ನಿಮ್ಮ ವಿಮೆ ನಿಮಗೆ ಇಷ್ಟವಿದ್ದರೆ ಅದನ್ನು ನೀವು ಇಟ್ಟುಕೊಳ್ಳಬಹುದು ಎಂದು ಮೊದಲೇ ಮಾತು ಕೊಟ್ಟರು. ಆ ಮಾತು ಉಳಿಯಲಿಲ್ಲ. ಹೊಸ ಕಾಯ್ದೆಯ ಮಟ್ಟಕ್ಕೆ ಬಾರದ ಪಾಲಿಸಿಗಳು ರದ್ದಾದವೆಂದು 2013ರ ಕೊನೆಯಲ್ಲಿ ಲಕ್ಷಾಂತರ ಮನೆಗಳಿಗೆ ಪತ್ರ ಹೋಯಿತು, ಒಬಾಮಾ ಟಿವಿಯಲ್ಲಿ ಕ್ಷಮೆ ಕೇಳಬೇಕಾಯಿತು. ಈ ಕಾಯ್ದೆಯನ್ನು ಮೆಚ್ಚುವ ನಾನು ಈ ವಿಷಯದಲ್ಲಿ ಅದರ ವಿರೋಧಿಗಳ ಕಡೆಗಿದ್ದೇನೆ. ಕೊಟ್ಟ ಮಾತು ಸುಳ್ಳಾದಾಗ ಜನ ಆಡಳಿತವನ್ನು ನಂಬದೆ ಹೋದರೆ ತಪ್ಪು ಜನರದ್ದಲ್ಲ.

ಆದರೆ ವಿರೋಧದ ಹೆಸರಿನಲ್ಲಿ ನಡೆದ ಎಲ್ಲವೂ ಹೀಗೆ ನ್ಯಾಯವಾಗಿರಲಿಲ್ಲ. ಸಾವು ಸಮೀಪಿಸಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ರೋಗಿ ತಾನಾಗಿ ಬಯಸಿ ವೈದ್ಯರೊಡನೆ ಮಾತನಾಡಿದರೆ ಆ ಭೇಟಿಯ ಶುಲ್ಕವನ್ನು ಮೆಡಿಕೇರ್ ಕೊಡಲಿ ಎಂಬ ಒಂದು ಅಂಶ 2009ರ ಮಸೂದೆಯಲ್ಲಿತ್ತು. ಆ ಆಗಸ್ಟಿನಲ್ಲಿ, ಹಿಂದಿನ ವರ್ಷ ರಿಪಬ್ಲಿಕನ್ನರ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಇದಕ್ಕೆ ‘ಸಾವಿನ ಸಮಿತಿ’ ಎಂದು ಹೆಸರಿಟ್ಟರು. ಯಾರು ಬದುಕಬೇಕು, ಯಾರು ಸಾಯಬೇಕು ಎಂಬುದನ್ನು ಸರ್ಕಾರಿ ಅಧಿಕಾರಿಗಳು ತೀರ್ಮಾನಿಸುತ್ತಾರೆ ಎಂದು ವೃದ್ಧರು ನಿಜವಾಗಿ ನಂಬಿದರು. ನಾನು ನಿಂತಿದ್ದ ಹಾಲಿನಲ್ಲಿ ಒಬ್ಬರು ಅಳುತ್ತಾ ಅದನ್ನೇ ಕೇಳಿದರು; ಹಾಗೆ ಏನೂ ಇಲ್ಲ ಎಂದು ಪ್ರತಿನಿಧಿ ಮೂರು ಸಲ ಹೇಳಿದರೂ ಅವರ ಮುಖದ ಮೇಲಿನ ಭಯ ಹೋಗಲಿಲ್ಲ. ಆ ಅಂಶವನ್ನು ಮಸೂದೆಯಿಂದ ಕಿತ್ತುಹಾಕಿದರು. 2016ರಿಂದ ಮೆಡಿಕೇರ್ ಸದ್ದಿಲ್ಲದೆ ಅದೇ ಶುಲ್ಕವನ್ನು ಕೊಡುತ್ತಿದೆ. ನಡುವಿನ ವರ್ಷಗಳಲ್ಲಿ ಆ ಮಾತುಕತೆ ನಡೆಯದೆ, ಐಸಿಯು ತಂತಿಗಳ ನಡುವೆ ತೀರಿಕೊಂಡವರನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

2010ರ ಮಾರ್ಚ್ 21ರ ರಾತ್ರಿ ಪ್ರತಿನಿಧಿ ಸಭೆಯಲ್ಲಿ 219–212 ಮತಗಳಿಂದ ಮಸೂದೆ ಗೆದ್ದಿತು, ರಿಪಬ್ಲಿಕನ್ನರ ಒಂದು ಮತವೂ ಬೀಳಲಿಲ್ಲ. ಎರಡು ದಿನಗಳ ನಂತರ ಅದು ಕಾಯ್ದೆಯಾಯಿತು. ಹಳೆಯ ಕಾಯಿಲೆಯ ನೆಪದಲ್ಲಿ ಯಾರಿಗೂ ವಿಮೆ ನಿರಾಕರಿಸುವಂತಿಲ್ಲ ಎಂಬುದು ಅದರ ಜೀವ. ಅದರ ಜೊತೆಗೇ, ಎಲ್ಲರೂ ವಿಮೆ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ ಎಂಬ ನಿಯಮವೂ ಬಂತು. ಇದು ಏಕೆಂಬುದು ನಮ್ಮ ಗಾದೆ ಗೊತ್ತಿರುವವರಿಗೆ ಕೂಡಲೇ ತಿಳಿಯುತ್ತದೆ: ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಬಹುದು ಎಂದಾದರೆ ಯಾರೂ ಮೊದಲೇ ತೋಡುವುದಿಲ್ಲ, ಕಾಯಿಲೆ ಬಿದ್ದ ಮೇಲೆ ವಿಮೆ ಕೊಳ್ಳಬಹುದಾದರೆ ಆರೋಗ್ಯವಂತರು ಹೊರಗೇ ಉಳಿಯುತ್ತಾರೆ, ಪ್ರೀಮಿಯಂ ಆಕಾಶಕ್ಕೇರುತ್ತದೆ. ವಿರೋಧಿಗಳ ಪ್ರಶ್ನೆಯೂ ಹಗುರವಾದದ್ದಲ್ಲ. ಏನನ್ನೂ ಮಾಡದೆ ಮನೆಯಲ್ಲಿ ಕುಳಿತ ಮನುಷ್ಯನಿಗೆ ಒಂದು ವಸ್ತುವನ್ನು ಕೊಳ್ಳಲೇಬೇಕೆಂದು ಸರ್ಕಾರ ಹೇಳಬಹುದೇ? ಹಾಗಿದ್ದರೆ ನಾಳೆ ಬ್ರಾಕೊಲಿ ತರಕಾರಿಯನ್ನು ಕೊಳ್ಳಲೇಬೇಕೆಂದೂ ಹೇಳಬಹುದಲ್ಲ ಎಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ವಾದದ ವೇಳೆ ಕೇಳಿದರು. 2012ರ ಜೂನ್ 28ರಂದು ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ, ಆ ದಂಡವನ್ನು ತೆರಿಗೆಯೆಂದು ಪರಿಗಣಿಸಿ ನಿಯಮವನ್ನು ಎತ್ತಿಹಿಡಿಯಿತು. ಆದರೆ ಬಡವರ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು.

ಈ ವಿವಾದದಲ್ಲಿ ನಮ್ಮ ಕಡೆಯ ಒಬ್ಬರ ಹೆಸರೂ ಇದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿಯವರು ಸುಧಾರಣೆಯ ಪರವಾಗಿ ವೈದ್ಯರನ್ನು ಒಟ್ಟುಗೂಡಿಸಿದವರು. ಟ್ರೂಮನ್ನರ ಕಾಲದಲ್ಲಿ ಸಂಘಟಿತ ವೈದ್ಯರೇ ದೊಡ್ಡ ಅಡ್ಡಗೋಡೆಯಾಗಿದ್ದರು ಎಂಬುದನ್ನು ನೆನೆದರೆ ಈ ಬದಲಾವಣೆಯ ತೂಕ ಗೊತ್ತಾಗುತ್ತದೆ. 2013ರಲ್ಲಿ ಅವರನ್ನು ದೇಶದ ಸರ್ಜನ್ ಜನರಲ್ ಹುದ್ದೆಗೆ, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತನಾಡುವ ಮುಖ್ಯ ವೈದ್ಯರ ಹುದ್ದೆಗೆ, ಹೆಸರಿಸಿದರೂ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಒಪ್ಪಿಗೆ ಕೊಡಲು 2014ರ ಡಿಸೆಂಬರ್ ಬರಬೇಕಾಯಿತು. ಬಂದೂಕಿನ ಹಿಂಸೆಯೂ ಆರೋಗ್ಯದ ಪ್ರಶ್ನೆಯೇ ಎಂದು ಅವರು ಹೇಳಿದ್ದು ಬಂದೂಕು ಪರ ಸಂಘಟನೆಯನ್ನು ಕೆರಳಿಸಿತ್ತು.

ಕಾಯ್ದೆ ಜನರ ಕೈಗೆ ಬಂದ ಬಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿತ್ತು. ಕೆಂಟಕಿಯಲ್ಲಿ ಅದಕ್ಕೆ ‘ಕೈನೆಕ್ಟ್’ ಎಂಬ ಸ್ಥಳೀಯ ಹೆಸರಿಟ್ಟರು. ಮೂರು ವರ್ಷಗಳಲ್ಲಿ ವಿಮೆ ಇಲ್ಲದವರ ಪ್ರಮಾಣ ಅಲ್ಲಿ ಅರ್ಧಕ್ಕಿಂತ ಕಡಿಮೆಯಾಯಿತು. 2014ರ ಒಂದು ಸಮೀಕ್ಷೆಯಲ್ಲಿ ಆ ರಾಜ್ಯದ ಶೇ 57 ಮತದಾರರು ಒಬಾಮಾಕೇರ್ ಒಳ್ಳೆಯದಲ್ಲ ಎಂದರೆ, ಕೈನೆಕ್ಟ್ ಒಳ್ಳೆಯದಲ್ಲ ಎಂದವರು ಶೇ 22 ಮಾತ್ರ. ಎರಡೂ ಒಂದೇ ಕಾಯ್ದೆಯ ಹೆಸರುಗಳು. ನಮ್ಮ ಓಹಾಯೊದಲ್ಲಿ ರಿಪಬ್ಲಿಕನ್ ಗವರ್ನರ್ ಜಾನ್ ಕೇಸಿಕ್ ತಮ್ಮ ಪಕ್ಷದವರ ಮಾತು ಮೀರಿ ಮೆಡಿಕೇಡ್ ವಿಸ್ತರಿಸಿದರು. ಸತ್ತ ಮೇಲೆ ಸ್ವರ್ಗದ ಬಾಗಿಲಲ್ಲಿ ಸಂತ ಪೀಟರ್ ನನ್ನನ್ನು, ಸರ್ಕಾರವನ್ನು ಎಷ್ಟು ಚಿಕ್ಕದಾಗಿ ಇಟ್ಟೆ ಎಂದು ಕೇಳುವುದಿಲ್ಲ, ಬಡವರಿಗೆ ಏನು ಮಾಡಿದೆ ಎಂದು ಕೇಳುತ್ತಾನೆ ಎಂಬುದು ಅವರ ಮಾತಿನ ತಾತ್ಪರ್ಯ. ಟೆಕ್ಸಾಸ್, ಫ್ಲಾರಿಡಾಗಳೂ ಸೇರಿ ಹತ್ತು ರಾಜ್ಯಗಳು ಇನ್ನೂ ವಿಸ್ತರಿಸಿಲ್ಲ.

2017ರಲ್ಲಿ ಚಕ್ರ ತಿರುಗಿತು. ಅಧ್ಯಕ್ಷ ಪದವಿ, ಎರಡೂ ಸದನಗಳು ರಿಪಬ್ಲಿಕನ್ನರ ಕೈಯಲ್ಲಿದ್ದವು, ಕಾಯ್ದೆಯನ್ನು ಕಿತ್ತುಹಾಕುವುದು ಏಳು ವರ್ಷಗಳ ವಾಗ್ದಾನವಾಗಿತ್ತು. ಆದರೆ ಈ ಬಾರಿ ಸಭೆಗಳ ಹಾಲು ತುಂಬಿದವರು ಬೇರೆ ಜನ. ಕ್ಯಾನ್ಸರ್ ಗೆದ್ದವರು, ಹುಟ್ಟುವಾಗಲೇ ಹೃದಯದ ತೊಂದರೆ ಇದ್ದ ಮಕ್ಕಳ ತಾಯಂದಿರು, ಮೆಡಿಕೇಡ್ ಇಲ್ಲದೆ ಮನೆಯಲ್ಲಿ ಬದುಕಲಾಗದ ಅಂಗವಿಕಲರು. ಜೂನ್ ತಿಂಗಳಲ್ಲಿ ಸೆನೆಟ್ ನಾಯಕನ ಕಚೇರಿಯ ಮುಂದೆ ಮಲಗಿ ಪ್ರತಿಭಟಿಸಿದ ಅಂಗವಿಕಲರನ್ನು ಪೊಲೀಸರು ಎತ್ತಿ ಒಯ್ಯುವ ದೃಶ್ಯವನ್ನು ದೇಶ ನೋಡಿತು. ಪ್ರತಿನಿಧಿ ಸಭೆ ಒಪ್ಪಿದ ಮಸೂದೆಯಿಂದ ಹತ್ತು ವರ್ಷಗಳಲ್ಲಿ 2.3 ಕೋಟಿ ಜನ ಹೆಚ್ಚಾಗಿ ವಿಮೆ ಕಳೆದುಕೊಳ್ಳುತ್ತಾರೆಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿಯೇ ಅಂದಾಜು ಮಾಡಿತ್ತು. ಜುಲೈ 28ರ ನಡುರಾತ್ರಿ ಕಳೆದ ಮೇಲೆ, ಮೆದುಳಿನ ಕ್ಯಾನ್ಸರ್ ಗೊತ್ತಾಗಿ ಕೆಲವೇ ದಿನಗಳಾಗಿದ್ದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಸೆನೆಟ್ಟಿನ ನಡುವೆ ನಿಂತು ಹೆಬ್ಬೆರಳನ್ನು ಕೆಳಗೆ ಮಾಡಿದರು. ಅವರದೇ ಪಕ್ಷದ ಸುಸಾನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಮೊದಲೇ ವಿರೋಧವಾಗಿ ಗಟ್ಟಿಯಾಗಿ ನಿಂತಿದ್ದರು. 49–51ರಲ್ಲಿ ಆ ಪ್ರಯತ್ನ ಸೋತಿತು. ಶಿಕಾಗೋದ ವೃದ್ಧರನ್ನು ಕಾರಿನ ಮೇಲೆ ಹತ್ತಿಸಿದ ಭಯವೇ ಈಗ ಗಾಲಿಕುರ್ಚಿಗಳನ್ನು ವಾಷಿಂಗ್ಟನ್ನಿಗೆ ತಂದಿತ್ತು.

ಜಗಳ ಮುಗಿದಿಲ್ಲ. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಅಂಕಿತ ಹಾಕಿದ ಕಾಯ್ದೆ, ಮೆಡಿಕೇಡ್ ವಿಸ್ತರಣೆಯಡಿ ಬಂದ ವಯಸ್ಕರು ತಿಂಗಳಿಗೆ 80 ಗಂಟೆ ದುಡಿಮೆಯನ್ನೋ ಕಲಿಕೆಯನ್ನೋ ಸೇವೆಯನ್ನೋ ದಾಖಲೆ ಸಮೇತ ತೋರಿಸಬೇಕೆಂದಿದೆ. ಶಕ್ತಿಯಿದ್ದವನು ದುಡಿಯಲಿ ಎಂಬುದು ನ್ಯಾಯವಾಗಿಯೇ ಕೇಳಿಸುತ್ತದೆ. ನನ್ನ ಆತಂಕ ದಾಖಲೆಯ ಬಗ್ಗೆ. ಇವತ್ತು ಮನೆ ಕೆಲಸ, ನಾಳೆ ಹೋಟೆಲ್ ಕೆಲಸ ಎಂದು ದಿನ ದೂಡುವವರು ದುಡಿಯುತ್ತಲೇ ಇದ್ದೂ, ಫಾರಂ ತುಂಬಲಾಗದೆ ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಅದೇ ವರ್ಷದ ಅಕ್ಟೋಬರ್ 1ರಿಂದ 43 ದಿನ ಸರ್ಕಾರದ ಬಾಗಿಲು ಮುಚ್ಚಿತ್ತಲ್ಲ, ಆ ಜಗ್ಗಾಟದ ನಡುವೆ ಇದ್ದದ್ದೂ ವಿಮೆಯೇ. ಸ್ವಂತವಾಗಿ ವಿಮೆ ಕೊಳ್ಳುವವರಿಗೆ ಕೋವಿಡ್ ಕಾಲದಲ್ಲಿ, 2021ರಲ್ಲಿ, ಹೆಚ್ಚಿಸಿದ್ದ ಸಬ್ಸಿಡಿಯನ್ನು ಮುಂದುವರಿಸಬೇಕೆಂದು ಡೆಮಾಕ್ರಟರು ಪಟ್ಟು ಹಿಡಿದಿದ್ದರು. ಅದು ಮುಂದುವರಿಯಲಿಲ್ಲ, ವರ್ಷದ ಕೊನೆಗೆ ಮುಗಿಯಿತು.

ಕೊಲಂಬಸ್ಸಿನಲ್ಲಿ ನನಗೆ ಬಹಳ ಬೇಕಾದ ಒಬ್ಬ ಹಿರಿಯರಿದ್ದಾರೆ, ದಾವಣಗೆರೆ ಕಡೆಯವರು. ಕಂಪನಿಯ ಕೆಲಸ ಬಿಟ್ಟು ಒಂದು ಚಿಕ್ಕ ಅಂಗಡಿ ನಡೆಸುತ್ತಾರೆ, ಗಂಡ ಹೆಂಡತಿ ಇಬ್ಬರೇ. ಅಂಗಡಿ ತೆರೆಯುವ ಧೈರ್ಯ ಬಂದದ್ದೇ 2010ರ ಕಾಯ್ದೆಯಿಂದ. ಆ ಹಿರಿಯರಿಗೆ ಸಕ್ಕರೆ ಕಾಯಿಲೆ. ಹೆಚ್ಚುವರಿ ಸಬ್ಸಿಡಿ ಮುಗಿದು, ಆದಾಯದ ಮಿತಿಯ ಹಳೆಯ ನಿಯಮ ಮತ್ತೆ ಬಂದಿರುವುದರಿಂದ, ಇಬ್ಬರ ಮನೆಯ ಆದಾಯ ವರ್ಷಕ್ಕೆ 84,600 ಡಾಲರ್ ದಾಟಿದರೆ ಈ ವರ್ಷ ಒಂದು ಡಾಲರ್ ಸಬ್ಸಿಡಿಯೂ ಇಲ್ಲ. ಅವರ ಆದಾಯ ಆ ಗೆರೆಯ ಆಚೆ ಈಚೆ ತೂಗುತ್ತದೆ. ಮೊನ್ನೆ ಫೋನಿನಲ್ಲಿ ಮಾತನಾಡುವಾಗ, ವ್ಯಾಪಾರ ಹೇಗಿದೆ ಅಣ್ಣಾ ಎಂದು ಕೇಳಿದೆ. “ಚೆನ್ನಾಗಿ ಆದ್ರೂ ಕಷ್ಟ ಕಣಪ್ಪಾ, ಲೆಕ್ಕ ನೋಡ್ಕೊಂಡು ಡಿಸೆಂಬರ್‌ನಲ್ಲಿ ಅಂಗಡಿ ಮುಚ್ಚಬೇಕಾಗ್ತದೆ” ಎಂದರು. ಅವರಿಗೆ ಈಗ 62. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವರ ಹೆಂಡತಿ ಪ್ರತಿ ತಿಂಗಳ ಕೊನೆಗೆ ಒಂದು ಗೆರೆ ಎಳೆಯುತ್ತಾರಂತೆ. ಮೆಡಿಕೇರ್ ಕಾರ್ಡು ಬರಲು ಇನ್ನು ಮೂವತ್ತೊಂದು ಗೆರೆ.